ಕಾಯಕದವರ ಓಟು ಕಡಿಮೆಯೇ?



ಹೋದ ತಿಂಗಳು ಬೀದರ್ ನಗರದಲ್ಲಿ ಶರಣ ಸಂಗಮ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ಪಕ್ಕದಲ್ಲಿದ್ದ ನಿವೃತ್ತ ಅಧಿಕಾರಿಯೊಬ್ಬರು, ‘ಸರ್, ಕೂಲಿ ಮಾಡೋರಿಗಿ ರಾಜಕೀಯ ಏನ್ ತಿಳಿತದ್ರಿ? ಓದಿದವರಿಗಷ್ಟೇ ಓಟು ಇರಬೇಕ್ರಿ’ ಎಂದರು. ಕೊರಳಲ್ಲಿ ಇಷ್ಟಲಿಂಗವಿದ್ದ ಹತ್ತು ಜನ ತಲೆಯಾಡಿಸಿದರು. ನಾನು ಸುಮ್ಮನಿದ್ದೆ. ಆ ತಪ್ಪಿಗೆ ಈ ಬರಹ.

ಈ ರೋಗ ಹಳೆಯದು. ಜನರ ಸರ್ಕಾರವೆಂದು ಜಗತ್ತಿಗೆ ಸಾರಿದ ಅಮೆರಿಕದ ಹಿರಿಯರೂ ಜನರಿಗೆ ಅಂಜಿದ್ದರು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸುವಾಗ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಅಧ್ಯಕ್ಷನೂ ಸೆನೆಟ್ ಸದಸ್ಯರೂ ಜೀವನಪೂರ್ತಿ ಅಧಿಕಾರದಲ್ಲಿರಲಿ ಎಂದು ವಾದಿಸಿದ. ಆ ಮಾತು ನಡೆಯಲಿಲ್ಲ. ಆದರೂ ಸೆನೆಟ್ ಸದಸ್ಯರನ್ನು ಜನರೇ ನೇರವಾಗಿ ಆರಿಸುವ ನಿಯಮ ಸಂವಿಧಾನಕ್ಕೆ ಸೇರಿದ್ದು 1913ರಲ್ಲಿ. ಮೊದಮೊದಲು ಬಹುತೇಕ ರಾಜ್ಯಗಳಲ್ಲಿ ಓಟು ಇದ್ದದ್ದು ಹೆಚ್ಚಾಗಿ ಆಸ್ತಿವಂತ ಬಿಳಿಯ ಗಂಡಸರಿಗೆ. ಗುಲಾಮರಿಗೆ ಇರಲೇ ಇಲ್ಲ.

ನಮ್ಮ ಅಜ್ಜಂದಿರು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಪ್ರಜೆಗಳು. 1952ರ ಚುನಾವಣೆಯಲ್ಲಿ ಗೌಡನಿಗೂ ಅವನ ಹೊಲದ ಆಳಿಗೂ ಒಂದೇ ಓಟು ಬಂತು. 1951ರ ಜನಗಣತಿಯಂತೆ ದೇಶದಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಮಾತ್ರ ಓದುಬರಹ ಬರುತ್ತಿತ್ತು. ಓದಿದವರಿಗಷ್ಟೇ ಎಂದಿದ್ದರೆ, ಅಂದು ತಲೆಯಾಡಿಸಿದ ನಮ್ಮವರಲ್ಲಿ ಎಷ್ಟು ಜನರ ಅಜ್ಜಂದಿರಿಗೆ ಓಟು ಸಿಗುತ್ತಿತ್ತು?

‘ದುಡ್ಡಿಗೆ ಓಟು ಮಾರುತ್ತಾರಲ್ಲ’ ಎನ್ನುವಿರಿ. ಮಾರುವವರಿದ್ದಾರೆ, ನಿಜ. ಕೊಳ್ಳುವವರು ಯಾರು? ಅವರೇನು ಅನಕ್ಷರಸ್ಥರೇ? ಔರಾದ್ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಮತಗಟ್ಟೆ ಕೆಲಸಕ್ಕಿದ್ದಾಗ, ಹೈದರಾಬಾದಿಗೆ ದುಡಿಯಲು ಹೋಗಿದ್ದ ತಾಯಿಯೊಬ್ಬಳು ಎರಡು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದು ಸಾಲಿನಲ್ಲಿ ನಿಂತಿದ್ದಳು. ಬೀದರಿನ ನಮ್ಮ ಓಣಿಯ ಎಷ್ಟೋ ಪದವೀಧರರು ಅಂದು ಮನೆ ಬಿಟ್ಟು ಹೊರಬರಲಿಲ್ಲ.

ತಿಳಿವಳಿಕೆ ಕಡಿಮೆಯಿದ್ದರೆ ಕಲಿಸಬೇಕು, ಹಕ್ಕು ಕಸಿಯಬಾರದು. ನಿಜಾಮನ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಮಾಡಿದ್ದು ಅದನ್ನೇ: ಹೊರಗೆ ಉರ್ದು ಫಲಕ, ಒಳಗೆ ಮಕ್ಕಳಿಗೆ ಕನ್ನಡ ಪಾಠ.

ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ವೇದಿಕೆಯಲ್ಲಿ ಕೊಂಡಾಡುತ್ತೇವೆ. ಅಕ್ಕಿ ಆಯ್ದು ಬದುಕಿದ ಲಕ್ಕಮ್ಮ, ಗಂಡ ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ಮರಳಿ ಕಳಿಸಿ ಅವನನ್ನೇ ತಿದ್ದಿದಳು ಎಂದು ಪ್ರವಚನ ಮಾಡುತ್ತೇವೆ. ಆದರೆ ನಮ್ಮದೇ ಸಂಘಗಳ ಪದಾಧಿಕಾರಿಗಳನ್ನು ನಾಲ್ಕು ಜನ ಕೋಣೆಯಲ್ಲಿ ಕುಳಿತು ‘ಅವಿರೋಧ ಆಯ್ಕೆ’ ಎಂದು ಬರೆದು ಮುಗಿಸುತ್ತಾರೆ. ದಾಸೋಹದಲ್ಲಿ ರೊಟ್ಟಿ ಬಡಿಯುವ ಅಕ್ಕಂದಿರನ್ನು, ಅಂಗಳ ಗುಡಿಸುವ ಅಣ್ಣಂದಿರನ್ನು ಕೇಳುವವರಿಲ್ಲ.

ಮೊದಲು ಅಲ್ಲಿ ಮತಪೆಟ್ಟಿಗೆ ಇಡೋಣ. ಅಮೆರಿಕದ ಹಿರಿಯರನ್ನು ಆಮೇಲೆ ಬೈಯೋಣ.