ಓದು, ಕಳಂಕ ಮತ್ತು ದುಡಿಮೆ

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೂ ಕೆಲಸ ಕೇಳಹೋದವನಿಂದ ಲೋಕವು ಬೇಡುವುದು ಎರಡು ಕಾಗದಗಳನ್ನು: ಒಂದು ಪರೀಕ್ಷೆ ಪಾಸಾದ ಸರ್ಟಿಫಿಕೇಟು, ಇನ್ನೊಂದು ಪೋಲೀಸರ ದಫ್ತರದಲ್ಲಿ ಹೆಸರಿಲ್ಲವೆಂಬ ದಾಖಲೆ. ಇವೆರಡರಿಂದಲೇ ಮನುಷ್ಯನ ದುಡಿಮೆಯ ಬೆಲೆ ಕಟ್ಟಬಹುದೇ?

ನಮ್ಮ ಬಾಳೆಹೊಸೂರಿನ ಹಿರಿಯರೊಬ್ಬರು ಹರೆಯದಲ್ಲಿ ಬದುವಿನ ಜಗಳದಲ್ಲಿ ಕೈಮಾಡಿ ಸೆರೆಮನೆ ಕಂಡು ಬಂದವರು. ಓದಿದ್ದು ನಾಲ್ಕನೆಯ ಇಯತ್ತೆ. ಬೋರಿನ ಮೋಟಾರು ಕೆಟ್ಟು ಮೆಣಸಿನ ಗಿಡ ಬಾಡುವಾಗ ಮಾತ್ರ “ಕಾಕಾ, ಸ್ವಲ್ಪ ಬರ್ರಿ” ಎಂದು ಎಲ್ಲರೂ ಅವರ ಬಾಗಿಲಿಗೆ ಹೋಗುತ್ತಾರೆ. ಒಮ್ಮೆ ಗಿರಣಿಯೊಂದರಲ್ಲಿ ಯಂತ್ರ ನೋಡಿಕೊಳ್ಳುವವರು ಬೇಕಾಗಿದ್ದರು. “ನಿಮ್ಮೂರವರಂತೆ, ಮನುಷ್ಯ ಹ್ಯಾಂಗ?” ಎಂದು ಅಲ್ಲಿಯ ಗುಮಾಸ್ತರು ನನ್ನನ್ನು ಕೇಳಿದರು. ನಾನು ಜೇಲಿನ ಮಾತನ್ನಷ್ಟೇ ಹೇಳಿದೆ. ಮೋಟಾರಿನ ಮಾತು ಹೇಳಲಿಲ್ಲ. ಕಾಕಾನಿಗೆ ಕೆಲಸ ಸಿಗಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ.

ಇಂಥ ಅರ್ಧ ಸತ್ಯವೂ ಇಲ್ಲದೆ ಕಳಂಕ ಹೊತ್ತವರು ನಮ್ಮ ಸೀಮೆಯಲ್ಲಿಯೇ ಇದ್ದಾರೆ. ೧೮೭೧ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆಯು ಕೆಲವು ಜನಾಂಗಗಳನ್ನೇ ‘ಅಪರಾಧಿ’ಗಳೆಂದು ಸಾರಿತು. ಮುಂದೆ ಗದಗ, ಹುಬ್ಬಳ್ಳಿಗಳಲ್ಲಿ ಅವರಿಗಾಗಿ ‘ಸೆಟ್ಲಮೆಂಟು’ಗಳಾದವು. ಅಲ್ಲಿ ಹಾಜರಿ ಕೊಡಬೇಕು. ಪರವಾನಿಗೆಯಿಲ್ಲದೆ ಹೊರಗೆ ಹೋಗಕೂಡದು. ಅಲ್ಲಿ ಮಕ್ಕಳಿಗೆ ಶಾಲೆಯಿತ್ತು, ದೊಡ್ಡವರಿಗೆ ಗಿರಣಿಯ ದುಡಿಮೆಯಿತ್ತು. ಆದರೆ ಓದಾಗಲಿ ದುಡಿಮೆಯಾಗಲಿ ಹುಟ್ಟಿನೊಡನೆ ಅಂಟಿಸಿದ ಆ ಹೆಸರನ್ನು ಅಳಿಸಲಿಲ್ಲ. ೧೯೫೨ರ ಆಗಸ್ಟ್ ೩೧ರಂದು ಕಾಯಿದೆ ರದ್ದಾಯಿತು. ಜನರ ಮನಸ್ಸಿನೊಳಗಿನ ಕಾಯಿದೆ ಅಷ್ಟು ಸುಲಭವಾಗಿ ರದ್ದಾಗಲಿಲ್ಲ.

“ಹಾಗಾದರೆ ಹಣ ನುಂಗಿದವನ ಕೈಗೇ ತಿಜೋರಿಯ ಕೀಲಿ ಕೊಡಬೇಕೇ?” ಎಂದು ಕೇಳುವವರುಂಟು. ಬೇಡ. ತಪ್ಪಿಗೂ ಕೆಲಸಕ್ಕೂ ಸಂಬಂಧವಿದೆಯೇ, ಎಷ್ಟು ಕಾಲ ಸಂದಿದೆ, ಆಮೇಲಿನ ನಡತೆ ಎಂಥದು ಎಂದು ನೋಡಿ ತೂಗುವುದು ವಿವೇಕ. ನೋಡದೆಯೇ ಬಾಗಿಲು ಹಾಕುವುದು ಭಯ. ಸುಪ್ರೀಮ್ ಕೋರ್ಟು ೨೦೧೬ರಲ್ಲಿ ಅವತಾರ ಸಿಂಗ್ ಮೊಕದ್ದಮೆಯಲ್ಲಿ, ಉಮೇದುವಾರನು ನಿಜವನ್ನೇ ತಿಳಿಸಬೇಕೆಂದಿತು. ಜೊತೆಗೆ, ಹರೆಯದ ಕ್ಷುಲ್ಲಕ ತಪ್ಪನ್ನು ಮನ್ನಿಸಲು ಕೆಲಸ ಕೊಡುವವರಿಗೆ ಅವಕಾಶವುಂಟೆಂದೂ ಹೇಳಿತು. ನಿಜ ಹೇಳುವ ಧೈರ್ಯ ಒಬ್ಬನದಾದರೆ, ಅದನ್ನು ತಾಳ್ಮೆಯಿಂದ ಕೇಳುವ ಹೊಣೆ ಇನ್ನೊಬ್ಬನದು.

ಕಾಲೇಜು ಬಿಡುವಾಗ ನಮಗೆಲ್ಲ ‘ನಡತೆ ಉತ್ತಮ’ ಎಂಬ ಪತ್ರ ಸಿಗುತ್ತದೆ. ನಮ್ಮಲ್ಲಿ ಎಷ್ಟು ಜನರ ನಡತೆ ನಿಜವಾದ ಪರೀಕ್ಷೆಗೆ ಗುರಿಯಾಗಿದೆ? ಕಾಕಾ ಬಿದ್ದು ಎದ್ದವರು. ನಾವಿನ್ನೂ ಬೀಳದವರು, ಅಷ್ಟೇ. ಓದು ಮನುಷ್ಯನಿಗೆ ದಾರಿ ತೋರಬಹುದು, ತಪ್ಪು ಅವನನ್ನು ಎಚ್ಚರಿಸಬಹುದು. ಅವನು ಯಾರೆಂದು ಹೇಳಬೇಕಾದುದು ಅವನ ಇಂದಿನ ಕೈಕೆಲಸ. ಆ ಗುಮಾಸ್ತರು ಮತ್ತೊಮ್ಮೆ ಕೇಳಿದರೆ ಮೋಟಾರಿನ ಮಾತನ್ನೇ ಮೊದಲು ಹೇಳುವೆನು.