ನಮ್ಮ ಹೆಜ್ಜೆಗಳು ಯಾರ ಸೊತ್ತು?

ಮನುಷ್ಯ ನಡೆದಲ್ಲಿ ದಾರಿ ಮೂಡುತ್ತದೆ. ನಮ್ಮ ಊರುಗಳ ಕಾಲುದಾರಿಗಳನ್ನು ಯಾವ ಇಂಜಿನಿಯರನೂ ನಕ್ಷೆ ಬರೆದು ರೂಪಿಸಿದ್ದಲ್ಲ. ಬಾವಿಗೆ, ಗದ್ದೆಗೆ, ಸಂತೆಗೆ, ಶಾಲೆಗೆ, ಮಸೀದಿಗೆ ಎಂದು ತಲೆಮಾರುಗಳು ಇಟ್ಟ ಹೆಜ್ಜೆಗಳೇ ಅವನ್ನು ರೂಪಿಸಿದವು. ಆದ್ದರಿಂದ ಒಂದು ನೆಲವನ್ನು ಅರಿಯಬೇಕಾದವರು ಅಲ್ಲಿನ ಜನರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವ ಹಾದಿಯನ್ನು ತಪ್ಪಿಸಿ ಹೋಗುತ್ತಾರೆ ಎಂಬುದನ್ನು ಗಮನಿಸಲೇಬೇಕು. ಹಿಂದೆ ಸಂಶೋಧಕರು ಇದಕ್ಕಾಗಿ ರಸ್ತೆಬದಿಯಲ್ಲಿ ನಿಂತು ತಲೆ ಎಣಿಸುತ್ತಿದ್ದರು, ಮನೆಮನೆಗೆ ತೆರಳಿ ಪ್ರಶ್ನೆ ಕೇಳುತ್ತಿದ್ದರು. ಇಂದು ಆ ಶ್ರಮ ಬಹುಮಟ್ಟಿಗೆ ಅನಗತ್ಯವಾಗಿದೆ. ನಮ್ಮ ಜೇಬಿನಲ್ಲಿರುವ ಮೊಬೈಲ್ ಫೋನೇ ನಮ್ಮ ಹೆಜ್ಜೆಗಳ ಲೆಕ್ಕ ಬರೆಯುತ್ತಿದೆ. ಪ್ರಶ್ನೆ ಇರುವುದು, ಆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬುದರಲ್ಲಿ.

ಈ ವಿದ್ಯೆಯನ್ನು ಸಾರಾಸಗಟಾಗಿ ತಿರಸ್ಕರಿಸುವುದು ಅನ್ಯಾಯವಾದೀತು. 2010ರ ಜನವರಿ 12ರಂದು ಹೈಟಿಯಲ್ಲಿ ಭೀಕರ ಭೂಕಂಪ ಸಂಭವಿಸಿದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಿಂದ ಜನರು ದಿಕ್ಕುದಿಕ್ಕಿಗೆ ಚದುರಿದರು. ನೆರವು ಎಲ್ಲಿಗೆ ತಲುಪಬೇಕು? ಸಂಶೋಧಕರು 19 ಲಕ್ಷ ಸಿಮ್ ಕಾರ್ಡುಗಳ ಚಲನೆಯನ್ನು ಅಧ್ಯಯನ ಮಾಡಿದರು. ಭೂಕಂಪದ ದಿನ ರಾಜಧಾನಿಯಲ್ಲಿದ್ದವರಲ್ಲಿ ಸುಮಾರು 6.3 ಲಕ್ಷ ಮಂದಿ 19 ದಿನಗಳೊಳಗೆ ನಗರ ತೊರೆದಿದ್ದರೆಂದು ಅವರು ಅಂದಾಜಿಸಿದರು. ಹಾಗೆ ಹೊರಟವರು ಕುರುಡಾಗಿ ಓಡಿರಲಿಲ್ಲ. ಹಿಂದಿನ ಕ್ರಿಸ್ಮಸ್ ಮತ್ತು ಹೊಸವರ್ಷವನ್ನು ಯಾರ ಮನೆಯಲ್ಲಿ ಕಳೆದಿದ್ದರೋ ಬಹುತೇಕ ಅಲ್ಲಿಗೇ ತೆರಳಿದ್ದರು. ಕಷ್ಟ ಬಂದಾಗ ಮನುಷ್ಯ ಬಂಧುಗಳ ಹೊಸ್ತಿಲನ್ನೇ ಹುಡುಕುತ್ತಾನೆ ಎಂಬ ಹಳೆಯ ಮಾತಿಗೆ ಅಂಕಿಅಂಶದ ಮುದ್ರೆ ಬಿತ್ತು. ಕೆನ್ಯಾದಲ್ಲಿ 2008-09ರ ಅವಧಿಯ ಸುಮಾರು ಒಂದೂವರೆ ಕೋಟಿ ಫೋನುಗಳ ಚಲನೆಯನ್ನು ಮಲೇರಿಯಾ ನಕ್ಷೆಯೊಂದಿಗೆ ಹೊಂದಿಸಿ ನೋಡಲಾಯಿತು. ವಿಕ್ಟೋರಿಯಾ ಸರೋವರದ ಸುತ್ತಲ ಪ್ರದೇಶದಿಂದ ರೋಗವು ಜನರ ಪಯಣದೊಂದಿಗೇ ನೈರೋಬಿಯತ್ತ ಸಾಗುತ್ತಿದ್ದುದು ತಿಳಿದುಬಂತು. ಸೊಳ್ಳೆಯ ಹಿಂದೆ ಮಾತ್ರ ಓಡುತ್ತಿದ್ದವರಿಗೆ ಮನುಷ್ಯನ ಹಾದಿಯನ್ನೂ ನೋಡಬೇಕೆಂಬ ಅರಿವು ಮೂಡಿತು. ಇಂಥ ಅಧ್ಯಯನಗಳಿಂದ ಜೀವಗಳು ಉಳಿಯುವುದಾದರೆ ಅದನ್ನು ಬೇಡವೆನ್ನುವವರು ಯಾರು?

ಆದರೆ ಅದೇ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಮುಖವಿದೆ. 2020ರ ನವೆಂಬರ್‌ನಲ್ಲಿ ಅಮೆರಿಕದ ಮದರ್‌ಬೋರ್ಡ್ ಪತ್ರಿಕೆಯು ಒಂದು ತನಿಖಾ ವರದಿಯನ್ನು ಪ್ರಕಟಿಸಿತು. ನಮಾಝಿನ ವೇಳೆ ಮತ್ತು ಕಿಬ್ಲಾದ ದಿಕ್ಕು ತಿಳಿಸುವ, 9 ಕೋಟಿಗೂ ಅಧಿಕ ಬಾರಿ ಡೌನ್‌ಲೋಡ್ ಆಗಿದ್ದ ಮುಸ್ಲಿಮ್ ಪ್ರೋ ಎಂಬ ಆ್ಯಪ್, ತನ್ನ ಬಳಕೆದಾರರ ಇರುವೆಡೆಯ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ದಳ್ಳಾಳಿ ಕಂಪೆನಿಗೆ ಕಳುಹಿಸುತ್ತಿತ್ತು ಮತ್ತು ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ರಕ್ಷಣಾ ಗುತ್ತಿಗೆದಾರರೂ ಇದ್ದರು ಎಂಬುದು ಆ ವರದಿಯ ಸಾರ. ಸೇನೆಗೆ ಮಾಹಿತಿ ಮಾರಿದ ಆರೋಪವನ್ನು ಆ್ಯಪ್‌ನ ಒಡೆಯರು ನಿರಾಕರಿಸಿದರು. ಆದರೆ ಎಕ್ಸ್-ಮೋಡ್‌ನೊಂದಿಗಿನ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಘೋಷಿಸಿದರು. ಮುಂದೆ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಷ್ಟರಲ್ಲಿ ಹೆಸರು ಬದಲಿಸಿಕೊಂಡಿದ್ದ ಅದೇ ದಳ್ಳಾಳಿ ಕಂಪೆನಿಯು ಆಸ್ಪತ್ರೆ, ಆರಾಧನಾಲಯಗಳಂಥ ಸೂಕ್ಷ್ಮ ಸ್ಥಳಗಳಿಗೆ ಹೋಗಿಬರುವವರ ಮಾಹಿತಿಯನ್ನು ಮಾರುವುದನ್ನೇ ನಿಷೇಧಿಸಿತು.

ಕಿಬ್ಲಾ ತೋರಿಸಲು ಆ್ಯಪ್‌ಗೆ ನಾವಿರುವ ಜಾಗ ತಿಳಿಯಬೇಕಾದುದು ನಿಜ. ನಾವು ಅನುಮತಿ ನೀಡಿದ್ದೂ ಅಷ್ಟಕ್ಕೇ. ಆ ಒಂದು ಅನುಮತಿಯನ್ನು ಹಿಡಿದು ನಾವು ಫಜರ್‌ಗೆ ಯಾವ ಮಸೀದಿಗೆ ಹೋದೆವು, ಬಳಿಕ ಯಾವ ಅಂಗಡಿಯ ಬಾಗಿಲು ತೆರೆದೆವು, ರಾತ್ರಿ ಎಲ್ಲಿ ಮಲಗಿದೆವು ಎಂಬುದನ್ನೆಲ್ಲ ಮಾರಾಟದ ಸರಕಾಗಿಸುವುದನ್ನು ಏನೆಂದು ಕರೆಯಬೇಕು? ನಮ್ಮ ಮನೆಗಳಲ್ಲಿ ಅದಕ್ಕೊಂದು ಪರಿಚಿತ ಪದವಿದೆ: ಅಮಾನತ್ತಿನ ದ್ರೋಹ. ಜೋಪಾನ ಮಾಡಲು ಕೊಟ್ಟದ್ದನ್ನು ಮಾರಿಕೊಂಡವನನ್ನು ಯಾವ ಧರ್ಮವೂ, ಯಾವ ಸಮಾಜವೂ ಪ್ರಾಮಾಣಿಕನೆಂದು ಕರೆಯುವುದಿಲ್ಲ.

‘ಹೆಸರನ್ನು ತೆಗೆದುಹಾಕಿರುತ್ತೇವೆ, ಆದ್ದರಿಂದ ಭಯ ಬೇಡ’ ಎಂಬುದು ಕಂಪೆನಿಗಳ ಸಿದ್ಧ ಉತ್ತರ. ಈ ಉತ್ತರ ಎಷ್ಟು ಪೊಳ್ಳು ಎಂಬುದು 2013ರಲ್ಲೇ ಬಯಲಾಗಿದೆ. ಯುರೋಪಿನ ಒಂದು ದೇಶದ 15 ಲಕ್ಷ ಮಂದಿಯ 15 ತಿಂಗಳ ಮೊಬೈಲ್ ದಾಖಲೆಗಳನ್ನು ಹೆಸರಿಲ್ಲದೆಯೇ ಪರಿಶೀಲಿಸಿದ ಸಂಶೋಧಕರು, ಯಾವ ಹೊತ್ತಿಗೆ ಎಲ್ಲಿದ್ದ ಎಂಬ ಕೇವಲ ನಾಲ್ಕು ಬಿಂದುಗಳು ಸಿಕ್ಕಿದರೆ ಸಾಕು, ಶೇ. 95 ಮಂದಿಯನ್ನು ಉಳಿದವರಿಂದ ಪ್ರತ್ಯೇಕಿಸಬಹುದು ಎಂದು ತೋರಿಸಿದರು. ಯೋಚಿಸಿ ನೋಡಿ: ನಮ್ಮ ಮನೆ, ನಮ್ಮ ಅಂಗಡಿ, ನಮ್ಮ ಮಸೀದಿ, ಮಕ್ಕಳ ಶಾಲೆ, ಈ ನಾಲ್ಕನ್ನೂ ಒಂದೇ ವೇಳಾಪಟ್ಟಿಯಲ್ಲಿ ಸುತ್ತುವವರು ಊರಿನಲ್ಲಿ ಎಷ್ಟು ಮಂದಿ ಇದ್ದಾರು? ಹೆಸರನ್ನು ಅಳಿಸಬಹುದು, ಹೆಜ್ಜೆಯನ್ನು ಅಳಿಸಲಾಗದು. ಬಲಿಷ್ಠರೂ ಇದರಿಂದ ಪಾರಾಗಿಲ್ಲ. ಓಟ, ಸೈಕಲ್ ಸವಾರಿಗಳನ್ನು ದಾಖಲಿಸುವ ಸ್ಟ್ರಾವಾ ಎಂಬ ಆ್ಯಪ್ 2017ರಲ್ಲಿ ಬಳಕೆದಾರರ ಹಾದಿಗಳ ಜಾಗತಿಕ ನಕ್ಷೆಯನ್ನು ಪ್ರಕಟಿಸಿತ್ತು. ಅಫಘಾನಿಸ್ತಾನ ಮತ್ತು ಸಿರಿಯಾದ ಕತ್ತಲ ಮರುಭೂಮಿಯಲ್ಲಿ ಸೈನಿಕರು ವ್ಯಾಯಾಮಕ್ಕೆ ಓಡಿದ ಹಾದಿಗಳು ಬೆಳಗುತ್ತಿದ್ದುದನ್ನು 2018ರ ಜನವರಿಯಲ್ಲಿ ಆಸ್ಟ್ರೇಲಿಯದ ಓರ್ವ ವಿದ್ಯಾರ್ಥಿ ಗುರುತಿಸಿದ. ಸೇನಾ ನೆಲೆಗಳ ಆಕಾರವೇ ಜಗತ್ತಿನ ಮುಂದೆ ಬಂದಿತ್ತು. ಸೇನೆಗೇ ಅಡಗಿಸಲಾಗದ್ದನ್ನು ಒಬ್ಬ ಕಿರಾಣಿ ವ್ಯಾಪಾರಿ, ಒಬ್ಬ ಕಾಲೇಜು ವಿದ್ಯಾರ್ಥಿನಿ ಅಡಗಿಸಿಯಾರೇ?

ನಮ್ಮ ದೇಶದಲ್ಲೂ ಇದು ಹೊಸ ವಿಚಾರವೇನಲ್ಲ. 2020ರ ಕೊರೋನಾ ಕಾಲದಲ್ಲಿ ಕರ್ನಾಟಕ ಸರಕಾರವು ಗೃಹ ದಿಗ್ಬಂಧನದಲ್ಲಿದ್ದವರು ಹಗಲಿನಲ್ಲಿ ಗಂಟೆಗೊಮ್ಮೆ ತಮ್ಮ ಸೆಲ್ಫಿಯನ್ನು ಆ್ಯಪ್ ಮೂಲಕ ಕಳುಹಿಸಬೇಕೆಂದು ಆದೇಶಿಸಿತ್ತು. ಚಿತ್ರದೊಂದಿಗೆ ಸ್ಥಳದ ಗುರುತೂ ಹೋಗುತ್ತಿತ್ತು. ಸಾಂಕ್ರಾಮಿಕದ ಭಯದಲ್ಲಿ ಜನರು ಅದನ್ನು ಪ್ರಶ್ನಿಸಲಿಲ್ಲ. ತುರ್ತು ಸಂದರ್ಭದಲ್ಲಿ ಒಪ್ಪಿದ್ದು ಸಾಮಾನ್ಯ ದಿನಗಳ ರೂಢಿಯಾಗಬಾರದು ಎಂಬ ಎಚ್ಚರವಾದರೂ ನಮಗಿರಬೇಡವೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸ್ಪಷ್ಟ ಒಪ್ಪಿಗೆಯಿಲ್ಲದೆ, ಉದ್ದೇಶ ತಿಳಿಸದೆ ಮಾಹಿತಿ ಬಳಸಬಾರದೆಂಬ ತತ್ವ ಅದರಲ್ಲಿರುವುದು ಸಮಾಧಾನದ ಸಂಗತಿ. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರಕಾರವು ತಾನು ಬಯಸಿದ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡಲು ಬಾಗಿಲು ತೆರೆದಿಟ್ಟಿದೆ. ಸಂಶೋಧನೆಗೂ ವಿನಾಯಿತಿಯಿದೆ. ಆದರೆ ಆ ಮಾಹಿತಿಯನ್ನು ನಿರ್ದಿಷ್ಟ ವ್ಯಕ್ತಿಯ ಕುರಿತು ತೀರ್ಮಾನ ಕೈಗೊಳ್ಳಲು ಬಳಸಬಾರದೆಂಬ ಷರತ್ತು ಅದಕ್ಕಿದೆ. ಸಂಶೋಧಕನಿಗೆ ಇರುವ ಬೇಲಿ ಆಡಳಿತಕ್ಕೆ ಯಾಕಿಲ್ಲ ಎಂದು ಕೇಳುವುದು ಪ್ರಜೆಗಳ ಕರ್ತವ್ಯ.

ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ನಕ್ಷೆಯಲ್ಲಿ ಕಾಣಿಸಿಕೊಳ್ಳುವುದು ಎಷ್ಟು ಅಪಾಯವೋ ಕಾಣಿಸದಿರುವುದೂ ಅಷ್ಟೇ ನಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ತಾವೇ ಬಳಸುವ ಮೊಬೈಲ್ ಹೊಂದಿದ್ದವರು ಶೇ. 54 ಮಾತ್ರ. ನಾಳೆ ನಗರಸಭೆಯೊಂದು ಫೋನುಗಳ ಚಲನೆಯನ್ನೇ ನಂಬಿ ಬಸ್ಸು, ಬೀದಿದೀಪ, ಉದ್ಯಾನಗಳನ್ನು ಯೋಜಿಸಿದರೆ ಏನಾದೀತು? ಬೀಡಿಯ ಕಟ್ಟನ್ನು ತಲೆಯ ಮೇಲಿಟ್ಟು ಗಲ್ಲಿ ದಾಟುವ ತಾಯಿ, ಫೋನ್ ಮನೆಯಲ್ಲಿಟ್ಟು ಕಾಲೇಜಿಗೆ ನಡೆಯುವ ಹುಡುಗಿ, ಫೋನೇ ಇಲ್ಲದ ಹಮಾಲಿ, ಇವರಾರೂ ಆ ನಕ್ಷೆಯಲ್ಲಿರುವುದಿಲ್ಲ. ಅವರ ಹಾದಿಗೆ ದೀಪವೂ ಬರುವುದಿಲ್ಲ. ಎಣಿಕೆಗೆ ಸಿಗದವರು ಯೋಜನೆಗೂ ಸಿಗುವುದಿಲ್ಲ ಎಂಬುದಕ್ಕೆ ನಮ್ಮ ಎಷ್ಟೋ ಮೊಹಲ್ಲಾಗಳ ಚರಂಡಿಗಳೇ ಸಾಕ್ಷಿ.

ಆದ್ದರಿಂದ ನಾವು ಹೇಳುವುದು ಇಷ್ಟೇ. ಹೆಜ್ಜೆಗಳ ಅಧ್ಯಯನ ನಡೆಯಲಿ, ಆದರೆ ನಡೆಯುವವನ ಅರಿವಿನೊಂದಿಗೆ ನಡೆಯಲಿ. ರೋಗ ತಡೆಯಲು, ನೆರವು ತಲುಪಿಸಲು ಗುಂಪಿನ ಚಲನೆ ತಿಳಿದರೆ ಸಾಕು. ಅದಕ್ಕೆ ಒಬ್ಬೊಬ್ಬರ ಬೆನ್ನು ಹತ್ತುವ ಅಗತ್ಯವಿಲ್ಲ. ನಗರಸಭೆಗಳು ಇಂಥ ಮಾಹಿತಿಯನ್ನು ಬಳಸುವುದಾದರೆ ಯಾರಿಂದ ಪಡೆದೆವು, ಯಾವುದಕ್ಕೆ ಬಳಸಿದೆವು, ಎಂದು ಅಳಿಸುತ್ತೇವೆ ಎಂಬುದನ್ನು ಬಹಿರಂಗಪಡಿಸಲಿ. ಫೋನಿನ ನಕ್ಷೆಯೊಂದಿಗೆ ಗಲ್ಲಿಗಿಳಿದು ಕೇಳಿ ತಿಳಿದ ಮಾತನ್ನೂ ಇಟ್ಟು ನೋಡಲಿ.

ನಮ್ಮ ಹೊಣೆಯೂ ಇಲ್ಲದಿಲ್ಲ. ಇಂದೇ ಸಂಜೆ ಮನೆಮಂದಿಯೆಲ್ಲ ಕುಳಿತು ಫೋನಿನ ಸೆಟ್ಟಿಂಗ್ಸ್ ತೆರೆದು ಯಾವ ಯಾವ ಆ್ಯಪ್‌ಗೆ ಲೊಕೇಶನ್ ಅನುಮತಿ ಇದೆಯೆಂದು ನೋಡೋಣ. ಟಾರ್ಚಿನ ಆ್ಯಪ್‌ಗೆ, ಮಕ್ಕಳ ಆಟದ ಆ್ಯಪ್‌ಗೆ ನಾವಿರುವ ಜಾಗ ಯಾಕೆ ಬೇಕು? ಬೇಡದ್ದನ್ನು ಮುಚ್ಚೋಣ. ಅಗತ್ಯವಿದ್ದದ್ದಕ್ಕೆ ಬಳಸುವಾಗ ಮಾತ್ರ ಎಂಬ ಅನುಮತಿ ಕೊಡೋಣ. ಶುಕ್ರವಾರದ ಪ್ರವಚನಗಳಲ್ಲಿ, ಜಮಾಅತ್ ಸಭೆಗಳಲ್ಲಿ, ಮಹಿಳಾ ಕೂಟಗಳಲ್ಲಿ ಇದೂ ಒಂದು ವಿಷಯವಾಗಲಿ. ಬಾಗಿಲಿಗೆ ಚಿಲಕ ಹಾಕಿ ಮಲಗುವುದನ್ನು ಯಾರೂ ಅಪನಂಬಿಕೆ ಎನ್ನುವುದಿಲ್ಲ. ಫೋನಿನ ಬಾಗಿಲಿಗೂ ಒಂದು ಚಿಲಕವಿದೆ. ಅದನ್ನು ಹಾಕುವ ಹಕ್ಕು ನಮ್ಮದು, ಆ ಹಕ್ಕನ್ನು ಕಾಯುವ ಹೊಣೆ ಕಾನೂನಿನದು.