ತಡೆದಿಟ್ಟ ವೇಗ

“ಸರ್, ಜೋರು ಓಡಲಿಕ್ಕಂತನೇ ಮಾಡಿದ ಕಾರಿಗೂ ಕಂಪನಿಯವರು ಪೂರಾ ಶಕ್ತಿ ಕೊಡೋದಿಲ್ಲಂತ. ರೊಕ್ಕ ಪೂರಾ ತಗೊಂಡು ಹಿಂಗ್ಯಾಕ ಮಾಡ್ತಾರ್ರಿ?” ಎಂದು ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ಕನ್ನಡ ಮಾಸ್ತರನಿಗೆ ಯಂತ್ರದ ಮಾತೇಕೆ ಎಂದು ನಾನು ಸುಮ್ಮನಿರಲಿಲ್ಲ. ಪ್ರಶ್ನೆ ನ್ಯಾಯವಾದದ್ದು.

ವಿದ್ಯಾರ್ಥಿ ಮಿತ್ರರೇ, ರೈತನು ತನ್ನ ಎತ್ತುಗಳನ್ನು ದಿನವಿಡೀ ಓಡಿಸುವುದಿಲ್ಲ. ಅವು ಓಡಲಾರವೆಂದಲ್ಲ, ನಾಳೆಯೂ ಹೂಡಬೇಕೆಂದು. ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಕಾವೂ ಹೆಚ್ಚುತ್ತದೆ. ಕ್ಲಚ್ಚು, ಗೇರು, ಬ್ರೇಕು, ಟೈರು ಎಲ್ಲವೂ ಅದನ್ನು ತಾಳಬೇಕು. ಪಂದ್ಯದ ಕಾರನ್ನು ಆಗಾಗ ಬಿಚ್ಚಿ ಜೋಡಿಸುತ್ತಾರೆ; ಮಾರಾಟದ ಕಾರು ನಮ್ಮ ಬೇಸಿಗೆಯಲ್ಲಿಯೂ, ಹೊಸಬನ ಕೈಯಲ್ಲಿಯೂ ವರ್ಷಗಟ್ಟಲೆ ಬಾಳಬೇಕು. ಹೊಗೆಗೂ ಸದ್ದಿಗೂ ಕಾನೂನಿನ ಮಿತಿಯುಂಟು. ಗ್ಯಾರಂಟಿ ಕೊಟ್ಟವನು ಅದರ ಖರ್ಚನ್ನೂ ಹೊರಬೇಕು.

ಇದರಲ್ಲಿ ವ್ಯಾಪಾರವೂ ಇಲ್ಲದಿಲ್ಲ. ಒಂದೇ ಎಂಜಿನ್ನಿಗೆ ಎರಡು ಶಕ್ತಿ, ಎರಡು ಬೆಲೆ ಇಟ್ಟು ಮಾರುವುದುಂಟು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಎಲ್ಲ ತಡೆಯೂ ಮೋಸವಲ್ಲ. ಜಪಾನಿನಲ್ಲಿ 39 ಅಶ್ವಶಕ್ತಿಯಿದ್ದ ಯಮಹಾ ಬೈಕು 1983ರಲ್ಲಿ ‘ರಾಜದೂತ್ 350’ ಎಂದು ನಮ್ಮ ದೇಶಕ್ಕೆ ಬಂದಾಗ ಅದರ ಶಕ್ತಿಯನ್ನು ಸುಮಾರು 30ಕ್ಕೆ ಇಳಿಸಿದ್ದರು. ಪೆಟ್ರೋಲಿನ ಉಳಿತಾಯ ಮುಖ್ಯವಾಗಿತ್ತು. 1988ರಲ್ಲಿ ಜಪಾನಿನ ರಸ್ತೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದಿಂದ ಅಲ್ಲಿಯ ಕಾರು ತಯಾರಕರು ತಮ್ಮ ದೇಶದಲ್ಲಿ ಮಾರುವ ಕಾರುಗಳಿಗೆ 280 ಅಶ್ವಶಕ್ತಿಯೇ ಮಿತಿಯೆಂದು ತಾವೇ ಒಪ್ಪಿ, 2004ರವರೆಗೆ ನಡೆಸಿಕೊಂಡು ಬಂದರು. ನಮ್ಮ ನೆರೆಯ ಕರ್ನಾಟಕದ ಬಿಡದಿಯಲ್ಲಿ ಕಾರ್ಖಾನೆಯಿರುವ ಟೊಯೊಟಾ ಕೂಡ ಅವರಲ್ಲಿ ಒಂದು. ಇದು ಸರಕಾರದ ಕಾನೂನಲ್ಲ, ತಾವೇ ಹಾಕಿಕೊಂಡ ಕಡಿವಾಣ.

ಪಾಲಕರೇ, ಕಾರ್ಖಾನೆ ಕಟ್ಟಿದ ಈ ಕಡಿವಾಣವನ್ನು ನಮ್ಮ ಮನೆಗಳಲ್ಲಿ ಬಿಚ್ಚುತ್ತಿದ್ದೇವೆ. ಮಾಗನೂರಿನ ಮೇಲೆ ಹಾದುಹೋಗುವ ರಾಯಚೂರು ಹೆದ್ದಾರಿಯಲ್ಲಿ, ಸೈಲೆನ್ಸರ್ ಕಿತ್ತ ಬೈಕಿನ ಮೇಲೆ ಮೂವರು ಹುಡುಗರು ಲಾರಿಗಳ ನಡುವೆ ನುಗ್ಗುವುದನ್ನು ಕಂಡಾಗ ನನ್ನ ಎದೆ ಝಲ್ಲೆನ್ನುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ವಾಹನ ನಡೆಸಿ ಅಪರಾಧವಾದರೆ ಪಾಲಕರಿಗೆ ಅಥವಾ ಮಾಲಿಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಬೀಳುತ್ತದೆ. ದಂಡ ಕಟ್ಟಬಹುದು, ಹೋದ ಮಗ ಮರಳಿ ಬಾರನು.

ಶಕ್ತಿಯಿದ್ದೂ ತಡೆದುಕೊಳ್ಳುವವನೇ ಬಲವಂತನು. ಮಕ್ಕಳೇ, ನಿಮ್ಮ ವೇಗವನ್ನು ಓದಿನಲ್ಲಿ, ಆಟದ ಬಯಲಿನಲ್ಲಿ ತೋರಿಸಿರಿ. ಹೆದ್ದಾರಿಯಲ್ಲಿ ಮಾತ್ರ ತಡೆದಿಡಿರಿ. ಸಂಜೆ ನಿಮ್ಮ ದಾರಿ ಕಾಯುವವರು ಮನೆಯಲ್ಲಿದ್ದಾರೆ.